ಅನ್ಯಗ್ರಹದವರು ಮುತ್ತಿಗೆ ಹಾಕುವಷ್ಟು ಬೆಲೆಬಾಳುವ ಇಂಧನ ಯಾವುದು?

ಪ್ರಶ್ನೆ: ಕತೆಯಲ್ಲಿ ಅನ್ಯಗ್ರಹದವರು ಪ್ರಯೋಗಾಲಯವನ್ನು ಸುತ್ತುವರಿದಿದ್ದಾರೆ, ಒಳಗೆ ವಿಜ್ಞಾನಿಗಳು. ಜಗಳ ಡ್ಯುಟೀರಿಯಂಗಾಗಿ (ಪರಮಾಣು ಸಮ್ಮಿಲನಕ್ಕೆ ಇಂಧನವಾಗುವ ಭಾರವಾದ ಹೈಡ್ರೋಜನ್) ಎಂದರೆ ನಂಬುವಂತಿರುತ್ತದಾ? ವಿಜ್ಞಾನಿಗಳು ಏನೆಂದು ಬೆದರಿಸಬಹುದು?

ಉತ್ತರ 1: ಡ್ಯುಟೀರಿಯಂ ಬೇಡ. ಒಂದು ಘನ ಮೀಟರ್ ಸಮುದ್ರದ ನೀರಲ್ಲೇ ಸುಮಾರು 33 ಗ್ರಾಂ ಇದೆ, ಧೂಮಕೇತುಗಳ ಮಂಜಿನಲ್ಲೂ ಸಿಗುತ್ತದೆ. ಟ್ರಿಟಿಯಂ ಹಾಕಿ, ಅದು ಇನ್ನೂ ಭಾರವಾದ, ವಿಕಿರಣ ಸೂಸುವ ಹೈಡ್ರೋಜನ್. ಅರ್ಧಾಯುಷ್ಯ 12.3 ವರ್ಷ, ವರ್ಷಕ್ಕೆ ಶೇ. 5.5ರಷ್ಟು ಹೀಲಿಯಂ-3 ಆಗಿಬಿಡುತ್ತದೆ. ದೂರದಿಂದ ಬರುವ ನೌಕೆ ಕೂಡಿಟ್ಟುಕೊಂಡು ತರಲಾರದು, ನಿಮಗೆ ಬೇಕಾದ ಕಾರಣ ಅದೇ. ಕೈಗಾದಂಥ ಭಾರಜಲ ರಿಯಾಕ್ಟರುಗಳಲ್ಲಿ ಇದು ತಾನಾಗಿ ಹುಟ್ಟುತ್ತದೆ.

ಉತ್ತರ 2: ಟ್ರಿಟಿಯಂ ಇಡುವುದು ಯುರೇನಿಯಂ ಪುಡಿ ತುಂಬಿದ ಉಕ್ಕಿನ ಪಾತ್ರೆಯಲ್ಲಿ. ತಣ್ಣಗಿದ್ದಾಗ ಪುಡಿ ಅನಿಲವನ್ನು ಹೀರಿಕೊಳ್ಳುತ್ತದೆ, 400 ಡಿಗ್ರಿ ದಾಟಿಸಿದರೆ ಬಿಟ್ಟುಕೊಡುತ್ತದೆ. ಬಾಂಬಿನ ಬೆದರಿಕೆ ಬರೆಯಬೇಡಿ, ದಯವಿಟ್ಟು. ಅನಿಲವನ್ನು ಸುಟ್ಟು ನೀರಾಗಿಸಿ ದೊಡ್ಡ ಟ್ಯಾಂಕಿನ ಸಾದಾ ನೀರಿಗೆ ಬೆರೆಸುತ್ತೇವೆ ಅನ್ನಲಿ. ಮರಳಿ ಬೇರ್ಪಡಿಸಲು ಆ ಇಡೀ ನೀರನ್ನು ಸಂಸ್ಕರಿಸಿ, ಹೈಡ್ರೋಜನ್ನನ್ನು 20ರಿಂದ 25 ಕೆಲ್ವಿನ್‌ನಲ್ಲಿ (ಸುಮಾರು −250 ಡಿಗ್ರಿ ಸೆಲ್ಸಿಯಸ್) ಭಟ್ಟಿ ಇಳಿಸಬೇಕು. ಮುತ್ತಿಗೆಯ ನಡುವೆ ಅದು ಆಗುವ ಮಾತಲ್ಲ.

ಉತ್ತರ 3: ಪಾತ್ರೆ ಒಡೆದು ಗಾಳಿ ನುಗ್ಗಿದರೆ ಪುಡಿ ತಾನೇ ಹೊತ್ತಿಕೊಳ್ಳುತ್ತದೆ, ಹಾಗಾಗಿ ಹೊರಗಿನವರೂ ಗುಂಡು ಹಾರಿಸಲು ಹೆದರಬೇಕು. ಲೆಕ್ಕ ಗ್ರಾಮಿನಲ್ಲಿರಲಿ, ಟನ್ನಿನಲ್ಲಲ್ಲ: 1 ಗ್ರಾಂ ಟ್ರಿಟಿಯಂ ಅಂದರೆ ಸುಮಾರು 3.7 ಲೀಟರ್ ಅನಿಲ.