ಹೆಗಲು, ತೋಳು, ನರ, ನಾಡಿ: ಗಡಿ ಊರಿನ ಚಿತ್ರಪಟಕ್ಕೆ ಯಾವ ಪದ ಬರೆಯಲಿ?

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಕಡೆ ಫಿಸಿಯೋಥೆರಪಿ ಮಾಡುವವಳು. ನೋವು ಅಂತ ಬರುವವರಿಗೆ ತೋರಿಸಲು ಹೆಗಲು ಮತ್ತು ಎದೆಯ ಸ್ನಾಯು, ನರ, ರಕ್ತನಾಳಗಳ ದೊಡ್ಡ ಚಿತ್ರ ಒಂದನ್ನು ಮಾಡುತ್ತಿದ್ದೇನೆ. ಚಿತ್ರ ಆಗಿದೆ, ಹೆಸರು ಬರೆಯುವುದು ಬಾಕಿ ಉಂಟು. ನಮ್ಮಲ್ಲಿ ಬರುವವರು ಅಡಿಕೆ ತೋಟದವರೇ ಜಾಸ್ತಿ. ಉದ್ದದ ದೋಟಿ (ಕೋಲು) ಹಿಡಿದು ಅಡಿಕೆ ಗೊನೆ ತೆಗೆಯುವವರು, ಮರಕ್ಕೆ ಮದ್ದು ಬಿಡುವವರು, ದಿನವಿಡೀ ಕೈಯನ್ನು ತಲೆಗಿಂತ ಮೇಲೆ ಎತ್ತಿಯೇ ಕೆಲಸ ಮಾಡುವವರು. ಪದ ಓದಿದ ಕೂಡಲೇ ಅವರ ಬೆರಳು ಮೈಮೇಲಿನ ಸರಿಯಾದ ಜಾಗಕ್ಕೆ ಹೋಗಬೇಕು. ನನಗೆ ಬೇಕಾದದ್ದು ಅಂಥ ಪದ.

ಮೊದಲ ತೊಡಕು ತೋಳಿನದ್ದು. ಮಲಯಾಳದಲ್ಲಿ ತೋಳ್ ಅಂದರೆ ಹೆಗಲು. ತಮಿಳಿನಲ್ಲೂ ಹಾಗೆಯೇ. ಕನ್ನಡದಲ್ಲಿ ತೋಳು ಅಂದರೆ ಹೆಗಲಿನಿಂದ ಕೆಳಗಿನ ಭಾಗ. ಮಲಯಾಳ ಮಾತಾಡುವ ಡಾಕ್ಟರು ತೋಳ್ ನೋವಾ ಅಂತ ಕೇಳಿದರೆ ಕನ್ನಡ ಮನೆಮಾತಿನವರು ರಟ್ಟೆ ಮುಟ್ಟಿ ಹೌದು ಅನ್ನುತ್ತಾರೆ. ಇದು ಬರೀ ಮಾತಿನ ಗೊಂದಲ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಹೆಗಲಿನ ಕೀಲಿನ ನೋವು ಎಷ್ಟೋ ಸಲ ರಟ್ಟೆಯ ಹೊರಬದಿಯಲ್ಲೇ ಕಾಣಿಸಿಕೊಳ್ಳುತ್ತದೆ. ಸುಪ್ರಾಸ್ಪೈನೇಟಸ್ ಅನ್ನುವ ಸ್ನಾಯುವಿನ ತುದಿ ಹೆಗಲ ಮೇಲಿನ ಎಲುಬಿನ ಚಾಚಿನ ಅಡಿಯಲ್ಲಿ ಹಾದು ಬಂದು ತೋಳೆಲುಬಿಗೆ ಅಂಟುತ್ತದೆ, ಕೈ ಮೇಲೆತ್ತಿ ಕೆಲಸ ಮಾಡುತ್ತಾ ಇದ್ದರೆ ಆ ಸಣ್ಣ ಜಾಗದಲ್ಲಿ ಅದು ಒತ್ತಿಕೊಳ್ಳುತ್ತದೆ. ತೊಂದರೆ ಅಲ್ಲಿ. ನೋವು ಮಾತ್ರ ಹೆಗಲಿನ ಕೀಲನ್ನು ಹೊರಗಿನಿಂದ ಮುಚ್ಚುವ ಡೆಲ್ಟಾಯ್ಡ್ ಸ್ನಾಯು ಬಂದು ಕೂಡುವ ರಟ್ಟೆಯ ನಡುಭಾಗದಲ್ಲಿ. ಹಾಗಾಗಿ ತೋಳು ಅಂತ ಬರೆದರೆ ಜನ ರಟ್ಟೆಗೇ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ, ಹೆಗಲಿನ ವ್ಯಾಯಾಮ ಯಾಕೆ ಅಂತ ಕೇಳುತ್ತಾರೆ.

ಭುಜ ಅಂತ ಬರೆಯಬಹುದಲ್ವಾ ಅಂತ ಗೆಳತಿಯೊಬ್ಬಳು ಹೇಳಿದಳು. ಸಂಸ್ಕೃತದಲ್ಲಿ ಭುಜ ಅಂದರೆ ತೋಳು. ಚತುರ್ಭುಜ ಅಂದಾಗ ನಾಲ್ಕು ಹೆಗಲು ಅಂತ ಯಾರೂ ತಿಳಿಯುವುದಿಲ್ಲ. ಕನ್ನಡದಲ್ಲಿ ಅದು ಮೇಲಕ್ಕೆ ಸರಿದು ಹೆಗಲಾಗಿದೆ. ನಮ್ಮ ಯಕ್ಷಗಾನದ ವೇಷದಲ್ಲಿ ಭುಜಕೀರ್ತಿ ಕಟ್ಟುವುದು ಹೆಗಲಿಗೆ, ತೋಳಬಂದಿ ಹಾಕುವುದು ರಟ್ಟೆಗೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ಭುಜ ತಪ್ಪಲ್ಲ. ಆದರೂ ನನ್ನ ಒಲವು ಹೆಗಲಿನ ಕಡೆಗೆ. ತುಳುವಿನ ಪುಗೆಲ್, ಹಳಗನ್ನಡದ ಪೆಗಲ್, ಈಗಿನ ಹೆಗಲು ಮೂರೂ ಒಂದೇ ಪದ. ಮನೆಯಲ್ಲಿ ತುಳು ಆಡುವವರಿಗೂ ಅದು ದೂರ ಆಗುವುದಿಲ್ಲ.

ಹೆಗಲಿನಲ್ಲೂ ಒಂದು ಕೊರತೆ ಉಂಟು. ನೊಗ ಕೂರುವುದು, ಮೂಟೆ ಹೊರುವುದು ಹೆಗಲ ಮೇಲೆ. ಅಂದರೆ ಕುತ್ತಿಗೆಯ ಬುಡದಿಂದ ಇಳಿಯುವ ಭಾಗ, ಟ್ರೆಪೀಜಿಯಸ್ ಸ್ನಾಯು ಇರುವ ಜಾಗ. ಕೀಲನ್ನು ಹೊರಗಿನಿಂದ ಮುಚ್ಚಿರುವ ಗುಂಡಗಿನ ಭಾಗ, ಡೆಲ್ಟಾಯ್ಡ್ ಇರುವುದು, ಬೇರೆ. ಎರಡಕ್ಕೂ ನರ ಬೇರೆ ಬೇರೆ ಕಡೆಯಿಂದ ಬರುತ್ತದೆ. ಟ್ರೆಪೀಜಿಯಸ್‌ಗೆ ತಲೆಬುರುಡೆಯಿಂದ ಹೊರಡುವ 11ನೆಯ ನರ, ಡೆಲ್ಟಾಯ್ಡ್‌ಗೆ ಕಂಕುಳಿನಿಂದ ಹಿಂದಕ್ಕೆ ಸುತ್ತಿ ಬರುವ ಆಕ್ಸಿಲರಿ ನರ. ಹೆಗಲು ಜಾರಿದಾಗ ಪೆಟ್ಟು ತಿನ್ನುವುದು ಹೆಚ್ಚಾಗಿ ಈ ಎರಡನೆಯದು. ಆಗ ಆ ಗುಂಡಗಿನ ಭಾಗದ ಚರ್ಮ ಮರಗಟ್ಟುತ್ತದೆ. ಈ ಗುಂಡಗಿನ ಭಾಗಕ್ಕೆ ನಿಮ್ಮ ಮನೆಯಲ್ಲಿ, ಹಿರಿಯರ ಬಾಯಲ್ಲಿ ಬೇರೆ ಹೆಸರು ಉಂಟಾ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯ ತೊಡಕು ನರದ್ದು. ಇದಕ್ಕೇ ನನ್ನ ತಲೆ ಜಾಸ್ತಿ ಓಡುತ್ತಿರುವುದು. ಕೈಯಲ್ಲಿ ನೀಲಿ ಬಣ್ಣಕ್ಕೆ ಉಬ್ಬಿ ಕಾಣುವುದನ್ನು ಜನ ನರ ಅನ್ನುತ್ತಾರೆ. ಅದು ರಕ್ತನಾಳ. ಕುತ್ತಿಗೆ ಉಳುಕಿದರೆ ನರ ಹಿಡಿದಿದೆ ಅನ್ನುತ್ತಾರೆ. ಅದು ಹೆಚ್ಚಾಗಿ ಸ್ನಾಯು. ಮಲಯಾಳದ ಞರಂಬ್ ಕೂಡ ಆಡುಮಾತಿನಲ್ಲಿ ಹೀಗೆಯೇ ಎಲ್ಲದಕ್ಕೂ ಓಡುತ್ತದೆ. ಇನ್ನು ನಾಡಿ. ಮಲಯಾಳದ ಪಾಠಪುಸ್ತಕದಲ್ಲಿ ನಾಡಿ ಅಂದರೆ ನರ. ಕನ್ನಡದಲ್ಲಿ ನಾಡಿ ಹಿಡಿದು ನೋಡುವುದು ಅಂದರೆ ಅಪಧಮನಿಯ (ಹೃದಯದಿಂದ ರಕ್ತ ಒಯ್ಯುವ ನಾಳದ) ಮಿಡಿತ ನೋಡುವುದು. ಸ್ನಾಯುವಿನ ಕಥೆಯೂ ಅದೇ. ನಮಗೆ ಸ್ನಾಯು ಅಂದರೆ ಮಾಂಸದ ಭಾಗ, ಮಲಯಾಳ ಪುಸ್ತಕದಲ್ಲಿ ಅದು ಎಲುಬಿಗೂ ಎಲುಬಿಗೂ ಕಟ್ಟು ಹಾಕುವ ಅಸ್ಥಿರಜ್ಜು, ಮಾಂಸದ ಭಾಗಕ್ಕೆ ಅವರು ಪೇಶಿ ಅನ್ನುತ್ತಾರೆ. ಅಣ್ಣ ಮಲಯಾಳ ಮೀಡಿಯಂ, ತಂಗಿ ಕನ್ನಡ ಮೀಡಿಯಂ ಓದುವ ಮನೆಗಳು ಇಲ್ಲಿ ಬೇಕಾದಷ್ಟು ಇವೆ. ಒಂದೇ ಮೇಜಿನ ಮೇಲೆ ಒಂದೇ ಪದಕ್ಕೆ ಎರಡು ಅರ್ಥ!

ಹಾಗಂತ ನರವನ್ನು ಬಿಡಲು ನನಗೆ ಮನಸ್ಸಿಲ್ಲ. ಅದು ನಮ್ಮದೇ ದ್ರಾವಿಡ ಪದ, ನರಮಂಡಲ ಅಂತ ಶಾಲೆಯಲ್ಲೂ ಗಟ್ಟಿಯಾಗಿ ಕೂತಿದೆ. ನರವನ್ನು ಹಳದಿ ಗೆರೆಗೆ ಮಾತ್ರ ಬರೆದು, ಕೆಂಪು ನೀಲಿ ಗೆರೆಗಳಿಗೆ ರಕ್ತನಾಳ ಅಂತಲೇ ಬರೆಯುವುದು ಅಂದುಕೊಂಡಿದ್ದೇನೆ. ನಾಡಿ ಪದ ಚಿತ್ರದಲ್ಲಿ ಬೇಡವೇ ಬೇಡ. ಅಪಧಮನಿಗೆ ಶುದ್ಧ ರಕ್ತನಾಳ, ಹೃದಯಕ್ಕೆ ರಕ್ತ ತರುವ ಅಭಿಧಮನಿಗೆ ಅಶುದ್ಧ ರಕ್ತನಾಳ ಅನ್ನುವ ಹಳೆಯ ಜೋಡಿಯೂ ಬೇಡ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆ ಇರುವ ರಕ್ತ, ಅಲ್ಲಿಗೆ ಆ ಹೆಸರು ಸುಳ್ಳಾಗುತ್ತದೆ. ಕೈಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗೆ ದಾರಿಯಲ್ಲಿ ಮೂರು ಹೆಸರು ಬೇರೆ: ಮೊದಲ ಪಕ್ಕೆಲುಬಿನ ಅಂಚಿನವರೆಗೆ ಸಬ್‌ಕ್ಲೇವಿಯನ್, ಕಂಕುಳಿನಲ್ಲಿ ಆಕ್ಸಿಲರಿ, ಟೆರಿಸ್ ಮೇಜರ್ ಸ್ನಾಯು ದಾಟಿದ ಮೇಲೆ ಬ್ರೇಕಿಯಲ್. ಕೊಳವೆ ಒಂದೇ. ಓದುವ ಮಕ್ಕಳಿಗೆ ಮೂರೂ ಬೇಕು, ನನ್ನ ಚಿತ್ರಕ್ಕೆ ಕೈಯ ಮುಖ್ಯ ಅಪಧಮನಿ ಅಂತ ಒಂದು ಸಾಲು ಸಾಕು.

ಪದಕ್ಕೆ ಪದ ಇಟ್ಟು ಅನುವಾದ ಮಾಡಿದರೆ ಹೇಗೆ ಕೆಡುತ್ತದೆ ನೋಡಿ. ಎದೆಯ ದೊಡ್ಡ ಸ್ನಾಯುವಿಗೆ ಲ್ಯಾಟರಲ್ ಪೆಕ್ಟೊರಲ್, ಮೀಡಿಯಲ್ ಪೆಕ್ಟೊರಲ್ ಅಂತ ಎರಡು ನರ ಬರುತ್ತವೆ. ಲ್ಯಾಟರಲ್ ಅಂದರೆ ಹೊರಬದಿ, ಮೀಡಿಯಲ್ ಅಂದರೆ ಮೈಯ ನಡುಗೆರೆಯ ಕಡೆಯ ಒಳಬದಿ, ಹಾಗಾಗಿ ಹೊರ ಎದೆನರ, ಒಳ ಎದೆನರ ಅಂತ ಬರೆದುಬಿಡಬಹುದು ಅನಿಸುತ್ತದೆ. ಆದರೆ ಎದೆಯ ಮೇಲೆ ಹೊರ ಎದೆನರವೇ ಒಳಗಡೆ, ಒಳ ಎದೆನರವೇ ಹೊರಗಡೆ ಇರುತ್ತದೆ! ಯಾಕೆಂದರೆ ಹೆಸರು ಬಂದದ್ದು ಅವು ಇರುವ ಜಾಗದಿಂದ ಅಲ್ಲ, ಅವು ಹುಟ್ಟುವ ನರದ ಕಟ್ಟಿನಿಂದ. ಕುತ್ತಿಗೆಯ ಕೆಳಗಿನ ನಾಲ್ಕು, ಎದೆಯ ಮೊದಲನೆಯದು, ಹೀಗೆ ಐದು ನರಬೇರುಗಳು ಸೇರಿ, ಒಡೆದು, ಮತ್ತೆ ಸೇರಿ ಜಡೆ ಹೆಣೆದ ಹಾಗೆ ಆಗುತ್ತವೆ. ಕೊನೆಗೆ ಉಳಿಯುವ ಮೂರು ಕಟ್ಟುಗಳಿಗೆ ಹೊರ, ಒಳ, ಹಿಂದಿನ ಅಂತ ಹೆಸರು. ಪುಸ್ತಕದಲ್ಲಿ ಇದಕ್ಕೆ ನರಜಾಲ ಅನ್ನುತ್ತಾರೆ. ನನಗೆ ನರಜಡೆ ಚಂದ ಅನಿಸುತ್ತದೆ, ಬ್ರೇಕಿಯಲ್ ಪ್ಲೆಕ್ಸಸ್ ಅಂದರೆ ತೋಳಿನ ನರಜಡೆ. ನಿಮಗೆ ಸರಿ ಕಾಣುತ್ತದಾ?

ಸ್ನಾಯುಗಳಿಗೆ ಆಕಾರ ನೋಡಿ ಹೆಸರು ಇಡುವುದು ಸುಲಭ. ಸೆರೇಟಸ್‌ಗೆ ಗರಗಸ ಸ್ನಾಯು. ಅದು ಮೇಲಿನ ಪಕ್ಕೆಲುಬುಗಳಿಂದ ಹಲ್ಲುಹಲ್ಲಾಗಿ ಹೊರಟು ಬೆನ್ನಿನ ಹಲಗೆ ಎಲುಬನ್ನು ಹಿಡಿದಿಡುತ್ತದೆ. ಅದರ ನರ ಕೆಟ್ಟರೆ ಗೋಡೆಗೆ ಕೈ ಒತ್ತಿದಾಗ ಆ ಹಲಗೆ ರೆಕ್ಕೆಯಂತೆ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಡೆಲ್ಟಾಯ್ಡ್‌ಗೆ ಮುಕ್ಕೋನ ಸ್ನಾಯು. ಪೆಕ್ಟೊರಾಲಿಸ್ ಎರಡಕ್ಕೆ ದೊಡ್ಡ ಎದೆಸ್ನಾಯು, ಸಣ್ಣ ಎದೆಸ್ನಾಯು. ಇವಕ್ಕೆ ಉರಶ್ಛದ ಅನ್ನುವ ಸಂಸ್ಕೃತ ಪದವನ್ನು ದಯವಿಟ್ಟು ಯಾರೂ ಸೂಚಿಸಬೇಡಿ.

ಒಂದು ಮಾತು ಚಿತ್ರದ ಅಡಿಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಹೃದಯದ ನೋವು ಕೂಡ ಎಡ ಹೆಗಲಿಗೆ, ತೋಳಿನ ಒಳಬದಿಗೆ ಇಳಿಯುತ್ತದೆ, ಯಾಕೆಂದರೆ ಹೃದಯದ ನರಗಳೂ ತೋಳಿನ ನರಗಳೂ ಬೆನ್ನುಹುರಿಯ ಹತ್ತಿರಹತ್ತಿರದ ಮಟ್ಟಕ್ಕೇ ಹೋಗಿ ಸೇರುತ್ತವೆ. ಎದೆ ಬಿಗಿದು, ಬೆವರಿ, ಕೈ ಸೆಳೆದರೆ ನರ ಹಿಡಿದಿದೆ ಅಂತ ಮನೆಯಲ್ಲಿ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಇದಕ್ಕೆ ಇನ್ನೂ ನೇರವಾದ ಮಾತು ಇದ್ದರೆ ತಿಳಿಸಿ.

ಉಳಿದ ಪ್ರಶ್ನೆ ಬೇರೆ ಗಡಿಯವರಿಗೆ. ತಾಳವಾಡಿ, ಹೊಸೂರು ಕಡೆಯವರೇ, ತಮಿಳಿನ ತೋಳ್ ನಿಮಗೂ ಹೀಗೆ ಕಾಡುತ್ತದಾ? ಅಕ್ಕಲಕೋಟೆ, ಜತ್ತ ಕಡೆಯವರೇ, ಮರಾಠಿಯಲ್ಲಿ ರಟ್ಟೆಗೆ ದಂಡ ಅನ್ನುತ್ತಾರಲ್ಲ, ಅದು ನಿಮ್ಮ ಕನ್ನಡಕ್ಕೆ ಬಂದಿದೆಯಾ? ಕಂಕುಳಿನ ಮುಂದಿನ ಮಡಿಕೆ, ಹಿಂದಿನ ಮಡಿಕೆ, ಕೊರಳೆಲುಬಿನ ಮೇಲಿನ ಕುಳಿ, ಈ ಮೂರಕ್ಕೆ ಅಜ್ಜಿಯರು ಆಡುವ ಪದ ಇದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ಮಡಿಕೆ, ಕುಳಿ ಅಂತ ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.