ಹಳೆಯ ಪ್ರಕರಣ ಎಷ್ಟು ಹತ್ತಿರದ್ದು? ಮೆಣಸಿನಕಾಯಿ ಸಲಹಾ ವ್ಯವಸ್ಥೆಯಲ್ಲಿ ಹೋಲಿಕೆಯ ಲೆಕ್ಕ

ಪ್ರಶ್ನೆ – ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಸರ್, ನಮಸ್ಕಾರ. ಬ್ಯಾಡಗಿ ಮತ್ತು ಕುಂದಗೋಳ ಭಾಗದ ಮೆಣಸಿನಕಾಯಿ ಬೆಳೆಗಾರರ ಹಳೆಯ ಸಮಸ್ಯೆಗಳನ್ನೂ ಅವುಗಳಿಗೆ ಫಲ ಕೊಟ್ಟ ಉಪಾಯಗಳನ್ನೂ ಕೂಡಿಸಿಟ್ಟುಕೊಂಡು, ಹೊಸ ಸಮಸ್ಯೆ ಬಂದಾಗ ಅದಕ್ಕೆ ಹತ್ತಿರವಾದ ಹಳೆಯ ಪ್ರಕರಣವನ್ನು ಹುಡುಕಿಕೊಡುವ ಕೇಸ್ ಬೇಸ್ಡ್ ರೀಸನಿಂಗ್ ವ್ಯವಸ್ಥೆಯನ್ನು ನಮ್ಮ ತಂಡ ಕಟ್ಟುತ್ತಿದೆ. ಎಲೆ ಕೆಳಮುಖವಾಗಿ ಮುರುಟಿದ, 60 ದಿನದ ಬೆಳೆಯ, 31 ಡಿಗ್ರಿ ಉಷ್ಣಾಂಶದ ಹೊಸ ಪ್ರಕರಣವನ್ನು ಕೊಟ್ಟೆವು. ಎಲೆ ಕೆಳಮುಖವಾಗಿಯೇ ಮುರುಟಿದ್ದ 75 ದಿನದ, 34 ಡಿಗ್ರಿಯ ಹಳೆಯ ಪ್ರಕರಣ ಹಿಂದೆ ಬಿದ್ದು, ಮೇಲ್ಮುಖವಾಗಿ ಮುರುಟಿದ್ದ 62 ದಿನದ, 31 ಡಿಗ್ರಿಯ ಪ್ರಕರಣ ಮೊದಲು ಬಂದಿತು. ನಾವು ಯೂಕ್ಲಿಡ್ ದೂರವನ್ನು, ಎಂದರೆ ಪ್ರತಿ ಅಂಶದ ವ್ಯತ್ಯಾಸದ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವ ಲೆಕ್ಕವನ್ನು ಬಳಸಿದ್ದೇವೆ. ಕೆಳಮುಖಕ್ಕೆ 1, ಮೇಲ್ಮುಖಕ್ಕೆ 0 ಎಂದು ಕೊಟ್ಟಿದ್ದೇವೆ. ದೋಷ ಎಲ್ಲಿದೆ?

ಉತ್ತರ – ಸಾಫ್ಟ್‌ವೇರ್ ತಜ್ಞ, ಧಾರವಾಡ

ನಿಮ್ಮ ಲೆಕ್ಕದಲ್ಲಿ ದಿನ, ಡಿಗ್ರಿ ಮತ್ತು ಎಲೆಯ ದಿಕ್ಕು ಒಂದೇ ಅಳತೆಯ ವಸ್ತುಗಳಂತೆ ಕೂಡಿಕೊಂಡಿವೆ. ಕೆಳಮುಖದ ಹಳೆಯ ಪ್ರಕರಣದ ದೂರ ಸುಮಾರು 15.3 ಆಗುತ್ತದೆ, ಮೇಲ್ಮುಖದ್ದು ಸುಮಾರು 2.2 ಮಾತ್ರ. ಬೆಳೆಯ ವಯಸ್ಸಿನ 15 ದಿನಗಳ ವ್ಯತ್ಯಾಸವೊಂದೇ ಎಲೆಯ ದಿಕ್ಕನ್ನು ನುಂಗಿಹಾಕಿದೆ.

ಆದ್ದರಿಂದ ಮೊದಲು ಪ್ರತಿಯೊಂದು ಅಂಶಕ್ಕೂ 0ಯಿಂದ 1ರವರೆಗಿನ ಅದರದೇ ಹೋಲಿಕೆಯನ್ನು ಕಂಡುಕೊಳ್ಳಿ. ವ್ಯತ್ಯಾಸವನ್ನು ಆ ಅಂಶದ ವ್ಯಾಪ್ತಿಯಿಂದ ಭಾಗಿಸಿ 1ರಿಂದ ಕಳೆದರೆ ಅದು ಸಿಗುತ್ತದೆ. ಅನಂತರ ಪ್ರತಿಯೊಂದನ್ನೂ ಅದರ ಮಹತ್ವಕ್ಕೆ ತಕ್ಕ ತೂಕದಿಂದ ಗುಣಿಸಿ ಕೂಡಿಸಿ, ತೂಕಗಳ ಮೊತ್ತದಿಂದ ಭಾಗಿಸಿ. ವಯಸ್ಸಿನ ವ್ಯಾಪ್ತಿಯನ್ನು 150 ದಿನ, ಉಷ್ಣಾಂಶದ ವ್ಯಾಪ್ತಿಯನ್ನು 20 ಡಿಗ್ರಿ ಎಂದು ಹಿಡಿದರೆ ಕೆಳಮುಖದ ಪ್ರಕರಣಕ್ಕೆ ದಿಕ್ಕಿನಲ್ಲಿ 1, ವಯಸ್ಸಿನಲ್ಲಿ 0.9, ಉಷ್ಣಾಂಶದಲ್ಲಿ 0.85 ಸಿಗುತ್ತದೆ. ದಿಕ್ಕಿಗೆ 6, ಉಳಿದೆರಡಕ್ಕೆ ತಲಾ 2 ತೂಕ ಕೊಟ್ಟರೆ ಒಟ್ಟು ಹೋಲಿಕೆ 0.95 ಆಗುತ್ತದೆ, ಮೇಲ್ಮುಖದ್ದು 0.40ರ ಆಸುಪಾಸಿನಲ್ಲಿ ನಿಲ್ಲುತ್ತದೆ. ತಳಿಯಂತಹ ಅಂಶಕ್ಕೆ ಕಳೆಯುವ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಕೋಷ್ಟಕವೇ ಬೇಕು: ಬ್ಯಾಡಗಿ ಡಬ್ಬಿ ಮತ್ತು ಬ್ಯಾಡಗಿ ಕಡ್ಡಿ ಪರಸ್ಪರ ಹತ್ತಿರ, ಗುಂಟೂರು ತಳಿ ಇವೆರಡಕ್ಕೂ ದೂರ ಎಂಬುದನ್ನು ಬೆಳೆ ಬಲ್ಲವರನ್ನು ಕೇಳಿ ತುಂಬಬೇಕು.

ದಿಕ್ಕಿಗೆ ಅಷ್ಟು ತೂಕ ಏಕೆಂದು ನೀವು ಕೇಳಬಹುದು, ಕೇಳಲೇಬೇಕು. ಎಲೆ ಮೇಲ್ಮುಖವಾಗಿ ಮುರುಟಿದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ಸಣ್ಣ ಕೀಟ ಕಾರಣ, ಕೆಳಮುಖವಾಗಿ ಮುರುಟಿದರೆ ಮೈಟ್ ನುಸಿ ಕಾರಣ. ಮೈಟ್ ಕೀಟವೇ ಅಲ್ಲ, ಜೇಡದ ಬಳಗಕ್ಕೆ ಸೇರಿದ ಜೀವಿ. ಥ್ರಿಪ್ಸ್‌ಗೆ ಹೊಡೆಯುವ ಹಲವು ಕೀಟನಾಶಕಗಳು ಅದಕ್ಕೆ ತಾಗುವುದಿಲ್ಲ, ಕೆಲವು ಪೈರಿಥ್ರಾಯ್ಡ್‌ಗಳು ಅದರ ಸಂಖ್ಯೆಯನ್ನು ಹೆಚ್ಚಿಸುವುದೂ ಉಂಟು. ನಿಮ್ಮ ವ್ಯವಸ್ಥೆ ಮೊದಲು ತೋರಿಸಿದ ಪ್ರಕರಣದ ಔಷಧವನ್ನು ರೈತರು ಸಿಂಪಡಿಸಿದ್ದರೆ ಹಣವೂ ಹೋಗುತ್ತಿತ್ತು, ಮುರುಟೂ ಉಳಿಯುತ್ತಿತ್ತು. ಎರಡು ಹೊಲಗಳು ಎಷ್ಟು ಒಂದೇ ತರಹ ಕಾಣುತ್ತವೆ ಎಂಬುದಕ್ಕಿಂತ, ಒಂದರ ಪರಿಹಾರ ಇನ್ನೊಂದಕ್ಕೆ ಎಷ್ಟು ಒದಗುತ್ತದೆ ಎಂಬುದನ್ನೇ ಹೋಲಿಕೆ ಅಳೆಯಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಕಂಪ್ಯೂಟರ್ ವಿಜ್ಞಾನಿಗಳಾದ ಬ್ಯಾರಿ ಸ್ಮಿತ್ ಮತ್ತು ಮಾರ್ಕ್ ಕೀನ್ 1990ರ ದಶಕದಲ್ಲಿ ಇದೇ ವಾದವನ್ನು ಮುಂದಿಟ್ಟು, ಹೊಸ ಸಮಸ್ಯೆಗೆ ಸುಲಭವಾಗಿ ಹೊಂದಿಸಿಕೊಳ್ಳಬಹುದಾದ ಪ್ರಕರಣವನ್ನೇ ಹುಡುಕಿ ತೆಗೆಯಬೇಕೆಂದರು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಯೂಕ್ಲಿಡ್ ದೂರ ಎರಡೂ ಕಡೆಯಿಂದ ಒಂದೇ. ಆದರೆ ಮನುಷ್ಯರು ಹೋಲಿಕೆಯನ್ನು ಹಾಗೆ ಕಾಣುವುದಿಲ್ಲವೆಂದು ಮನಶ್ಶಾಸ್ತ್ರಜ್ಞ ಆಮೋಸ್ ಟ್ವರ್ಸ್ಕಿ 1977ರಲ್ಲೇ ತೋರಿಸಿದ್ದರು. ಕುಂದಗೋಳದ ಎರೆಹೊಲದಲ್ಲಿ ಮಳೆಯಾಶ್ರಿತ ಬೆಳೆಗೆ ಮಾಡಿದ ಸಿಂಪಡಣೆಯನ್ನು ನೀರಾವರಿ ಹೊಲದಲ್ಲಿಯೂ ಮಾಡಬಹುದು, ಹನಿ ನೀರಾವರಿಯ ಕೊಳವೆಯಲ್ಲಿ ಗೊಬ್ಬರ ಹರಿಸಿದ ಪರಿಹಾರ ಮಾತ್ರ ಮಳೆಯನ್ನೇ ನಂಬಿದ ಹೊಲಕ್ಕೆ ಬರುವುದಿಲ್ಲ. ಹೀಗಾಗಿ ನೀರಾವರಿ ಎಂಬ ಅಂಶದ ಕೋಷ್ಟಕದಲ್ಲಿ ಮಳೆಯಾಶ್ರಿತದಿಂದ ನೀರಾವರಿಗೆ ಒಂದು, ನೀರಾವರಿಯಿಂದ ಮಳೆಯಾಶ್ರಿತಕ್ಕೆ ಇನ್ನೊಂದು ಅಂಕಿ ಇಡಿ.

ಮರುಪ್ರಶ್ನೆ – ಡೇಟಾ ವಿಶ್ಲೇಷಕ, ಗದಗ

ತೂಕಗಳನ್ನು ತಜ್ಞರ ಬಾಯಿಂದ ಪಡೆಯುವ ಬದಲು ಪ್ರಕರಣಗಳಿಂದಲೇ ಕಲಿಸಲಾಗದೇ, ಸರ್?

ಉತ್ತರ

ಕಲಿಸಬಹುದು. ಕೀರಾ ಮತ್ತು ರೆಂಡೆಲ್ 1992ರಲ್ಲಿ ಕೊಟ್ಟ ರಿಲೀಫ್ ವಿಧಾನ ಇದಕ್ಕೆ ಒದಗುತ್ತದೆ: ಒಂದು ಪ್ರಕರಣವನ್ನು ಹಿಡಿದು, ಅದೇ ವರ್ಗದ (ನಿಮ್ಮಲ್ಲಿ, ಮುರುಟಿಗೆ ಕಾರಣ ಒಂದೇ ಆಗಿರುವ) ಅತಿ ಹತ್ತಿರದ ಪ್ರಕರಣದಿಂದ ಯಾವ ಅಂಶ ಬೇರೆಯಾಗಿದೆಯೋ ಅದರ ತೂಕವನ್ನು ಇಳಿಸುತ್ತದೆ, ಬೇರೆ ವರ್ಗದ ಅತಿ ಹತ್ತಿರದ ಪ್ರಕರಣದಿಂದ ಯಾವುದು ಬೇರೆಯಾಗಿದೆಯೋ ಅದರದನ್ನು ಏರಿಸುತ್ತದೆ. ಆದರೆ ಪ್ರಕರಣಗಳು ಕೆಲವೇ ಇದ್ದಾಗ ಕಾಕತಾಳೀಯಗಳೂ ತೂಕ ಪಡೆದುಬಿಡುತ್ತವೆ. ಮೈಟ್ ಪ್ರಕರಣಗಳೆಲ್ಲ ಮಸಾರಿ ಹೊಲಗಳಿಂದಲೇ ಬಂದಿದ್ದರೆ, ಮಣ್ಣೇ ಕಾರಣವೆಂಬಂತೆ ವ್ಯವಸ್ಥೆ ಕಲಿಯುತ್ತದೆ. ಆದ್ದರಿಂದ ಮೊದಲ ತೂಕಗಳು ಬೆಳೆ ತಜ್ಞರದ್ದಾಗಿರಲಿ. ಬಳಿಕ ಒಂದೊಂದೇ ಪ್ರಕರಣವನ್ನು ಹೊರಗಿಟ್ಟು, ಉಳಿದವುಗಳಲ್ಲಿ ಅದಕ್ಕೆ ಸರಿಯಾದ ಪರಿಹಾರ ಸಿಗುತ್ತದೆಯೇ ಎಂದು ಪರೀಕ್ಷಿಸುತ್ತ ಅವುಗಳನ್ನು ತಿದ್ದಿರಿ.

ಮರುಪ್ರಶ್ನೆ – ಕೃಷಿ ಸಲಹೆಗಾರರು, ರಾಣೆಬೆನ್ನೂರು

ಫೋನ್ ಮಾಡುವ ರೈತರು ‘ಎಲೆ ಮುರುಟಿದೆ’ ಎಂದಷ್ಟೇ ಹೇಳುತ್ತಾರೆ. ದಿಕ್ಕು ಗೊತ್ತಿಲ್ಲದಿದ್ದರೆ ಲೆಕ್ಕ ಹೇಗೆ?

ಉತ್ತರ

ಗೊತ್ತಿಲ್ಲದ ಅಂಶಕ್ಕೆ 0 ಕೊಡುವವರಿದ್ದಾರೆ, 1 ಕೊಡುವವರಿದ್ದಾರೆ, ಅದನ್ನು ಬಿಟ್ಟು ಉಳಿದ ತೂಕಗಳ ಮೇಲಷ್ಟೇ ಸರಾಸರಿ ತೆಗೆಯುವವರೂ ಇದ್ದಾರೆ. ಬಣ್ಣ, ಮಣ್ಣಿನಂತಹ ಹಗುರವಾದ ಅಂಶಗಳಿಗೆ ಮೂರನೆಯದು ಸಾಕು. ದಿಕ್ಕಿನ ವಿಷಯದಲ್ಲಿ ಈ ಮೂರನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಹತ್ತರಲ್ಲಿ ಆರು ತೂಕ ಅದರದೇ. ಗೊತ್ತಿಲ್ಲದ ಅಂಶಕ್ಕೆ ಒಮ್ಮೆ 1, ಒಮ್ಮೆ 0 ಹಾಕಿ ನೋಡಿದಾಗ ಮೊದಲ ಸ್ಥಾನದ ಪ್ರಕರಣ ಬದಲಾಗುವುದಾದರೆ, ವ್ಯವಸ್ಥೆ ಪರಿಹಾರವನ್ನು ಕೊಡದೆ ಪ್ರಶ್ನೆಯನ್ನು ಕೇಳಲಿ: ‘ಎಲೆಯ ಅಂಚು ಮೇಲೆ ಮಡಚಿದೆಯೋ ಕೆಳಗೆ ಮಡಚಿದೆಯೋ, ಹೊಲದಲ್ಲಿ ನೋಡಿ ಹೇಳಿ’. ಅಂಚು ಎರಡೂ ತರಹ ಕಂಡರೆ, ಅಥವಾ ಬಿಳಿನೊಣದಿಂದ ಹರಡುವ ನಂಜುರೋಗದ ಅನುಮಾನವಿದ್ದರೆ, ಆ ಪ್ರಕರಣ ಯಂತ್ರದಿಂದ ನೇರವಾಗಿ ನಿಮ್ಮಂತಹ ಸಲಹೆಗಾರರ ಕಡೆಗೆ ಹೋಗುವಂತೆ ಮಾಡಿ.