ಸೆರಾಮಿಕ್ ಪಿನ್ ಸವೆಯಲಿಲ್ಲ, ಸ್ಟೀಲ್ ಪಟ್ಟಿಗೆ ಗೀರು ಬಿತ್ತು: ಅನುಭವ ಇದ್ದವರು ಹೇಳಿ

ಪ್ರಶ್ನೆ ಕೇಳಿದವರು:
ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಶಾಪ್. ಸ್ಟೀಲ್ ಪಟ್ಟಿ ಕಾಯಿಲ್‌ನಿಂದ ಪ್ರೆಸ್‌ಗೆ ಹೋಗುವ ದಾರಿಯಲ್ಲಿ ಎರಡು ಗೈಡ್ ಪಿನ್ ಇವೆ. ಮುಂಚೆ ಹಾರ್ಡನ್ ಮಾಡಿದ ಸ್ಟೀಲ್ ಪಿನ್ ಇತ್ತು. ತಿಂಗಳಿಗೊಮ್ಮೆ ಕಾಲುವೆ ಬೀಳುತ್ತಿತ್ತು. ಸಾಕಾಗಿ ಅಲ್ಯೂಮಿನಾ ಸೆರಾಮಿಕ್ ಪಿನ್ ಹಾಕಿಸಿದೆ. ಪಿನ್ ಸವೆದಿಲ್ಲ, ನಿಜ. ಆದರೆ ಪಟ್ಟಿಯ ಅಂಚಿಗೆ ಗೀರು, ಕಿರ್ರ್ ಅಂತ ಸದ್ದು, ಪಿನ್ ಮೇಲೆ ಕಪ್ಪು ಪಟ್ಟೆ. ಮುಂದೆ ವೆಲ್ಡಿಂಗ್ ಇದೆ, ಎಣ್ಣೆ ಸುರಿಯುವ ಹಾಗಿಲ್ಲ. ವಿಡಿಯಾ (ಟಂಗ್‌ಸ್ಟನ್ ಕಾರ್ಬೈಡ್) ಪಿನ್‌ಗೆ ಹೋಗಲಾ?

ಟೂಲ್ ರೂಮಿನವರು:
ದುಡ್ಡು ಹಾಕುವ ಮೊದಲು ಆ ಕಪ್ಪು ಏನು ಅಂತ ನೋಡಿ ಸರ್. ನಮ್ಮಲ್ಲೂ ಹೀಗೇ ಆಗಿತ್ತು. ಬ್ಲೇಡಿನಲ್ಲಿ ಕೆರೆದು ಕಾಗದದ ಮೇಲೆ ಉದುರಿಸಿ, ಅಡಿಯಲ್ಲಿ ಅಯಸ್ಕಾಂತ ಆಡಿಸಿದೆ. ಪುಡಿ ಅದರ ಹಿಂದೆಯೇ ಓಡಿತು. ಅಂದರೆ ಅದು ಪಟ್ಟಿಯದೇ ಸ್ಟೀಲ್. ಸೆರಾಮಿಕ್‌ಗೆ ಮೆತ್ತಿಕೊಂಡಿದೆ. ಆಮೇಲೆ ತಿಕ್ಕಾಟ ಸ್ಟೀಲಿಗೂ ಸ್ಟೀಲಿಗೂ!

ಪಿನ್ ಕಳಚಿ ಟಾಯ್ಲೆಟ್ ತೊಳೆಯುವ ಆಸಿಡ್‌ನಲ್ಲಿ ಅದ್ದಿದೆವು (ಗ್ಲೌಸ್ ಹಾಕಿ, ಬಯಲಲ್ಲಿ). ಬುಸುಬುಸು ಗುಳ್ಳೆ ಎದ್ದು ಕಪ್ಪು ಹೋಯಿತು. ಕೆಳಗೆ ಪಿನ್ ಬೆಳ್ಳಗಿತ್ತು, ಗ್ರೈಂಡಿಂಗ್ ಗೆರೆಗಳೂ ಹಾಗೇ ಇದ್ದವು. ಕಳ್ಳ ಸಿಕ್ಕಿದ್ದು ಅಲ್ಲೇ. ಗ್ರೈಂಡ್ ಮಾಡಿ ಸುಮ್ನೆ ಬಿಟ್ಟ ಸೆರಾಮಿಕ್ ಅರ ಇದ್ದ ಹಾಗೆ. ಸ್ಟೀಲ್ ಪಿನ್ ಆದರೆ ಓಡುತ್ತಾ ಓಡುತ್ತಾ ತಾನೇ ನುಣುಪಾಗುತ್ತದೆ. ಇದನ್ನು ನಾವೇ ಮೊದಲು ನುಣುಪು ಮಾಡಿ ಕೊಡಬೇಕು. ಡೈಮಂಡ್ ಪೇಸ್ಟ್‌ನಲ್ಲಿ ಲ್ಯಾಪ್ ಮಾಡಿಸಿ (ಅಂದರೆ ಉಜ್ಜಿ ನುಣುಪು ಮಾಡಿಸಿ), ಆರ್‌ಎ (ಮೇಲ್ಮೈ ಒರಟುತನದ ಅಳತೆ) 0.1 ಮೈಕ್ರಾನ್ ಹತ್ತಿರಕ್ಕೆ ತನ್ನಿ.

ತಂತಿ ಎಳೆಯುವ ಮಿಲ್ಲಿನವರು:
ಅಣ್ಣಾ, ವಿಡಿಯಾಗೆ ಆ ಆಸಿಡ್ ಪ್ರಯೋಗ ಬೇಡವೇ ಬೇಡ. ಅದರೊಳಗೆ ಟಂಗ್‌ಸ್ಟನ್ ಕಾರ್ಬೈಡ್ ಹರಳುಗಳನ್ನು ಕೋಬಾಲ್ಟ್ ಗಾರೆಯ ಹಾಗೆ ಹಿಡಿದಿರುತ್ತದೆ. ಆಸಿಡ್ ಕೋಬಾಲ್ಟ್ ತಿಂದರೆ ಹರಳು ಉದುರುತ್ತವೆ.

ತಂತಿಯನ್ನು ತೂತಿನಲ್ಲಿ ಎಳೆದು ಸಣ್ಣ ಮಾಡುವ ನಮ್ಮ ಡೈ ಎಲ್ಲಾ ವಿಡಿಯಾನೇ. ಗಟ್ಟಿ ಇದೆ ಅಂತ ಮಾತ್ರ ಅದು ಬಾಳುವುದಲ್ಲ. ತಂತಿ ಡೈಗೆ ನುಗ್ಗುವ ಮೊದಲು ಸೋಪಿನ ಪುಡಿ ತುಂಬಿದ ಡಬ್ಬಿ ದಾಟಿ ಬರುತ್ತದೆ. ಪುಡಿ ಗಟ್ಟಿಕಟ್ಟಿ ತಂತಿಗೆ ತಾಗದೇ ಹೋದರೆ ಸಾಕು, ತಂತಿ ಮೈತುಂಬ ಗೀರು. (ವಿಡಿಯಾ ಅನ್ನುವುದು 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಇಟ್ಟ ಬ್ರಾಂಡ್ ಹೆಸರು, 'ವಜ್ರದ ಹಾಗೆ' ಅಂತ. ನಮ್ಮ ಟರ್ನರ್‌ಗಳ ಬಾಯಲ್ಲಿ ಎಲ್ಲ ಕಾರ್ಬೈಡೂ ವಿಡಿಯಾ.)

ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು:
ಸವೆತ ಬೇರೆ, ಘರ್ಷಣೆ ಬೇರೆ. ಹಾರ್ಡನ್ ಮಾಡಿದ ಬೇರಿಂಗ್ ಸ್ಟೀಲ್ ವಿಕರ್ಸ್ ಗಡಸುತನದ ಅಳತೆಯಲ್ಲಿ 700–800 ಇದ್ದರೆ ಅಲ್ಯೂಮಿನಾ 1500 ಮುಟ್ಟುತ್ತದೆ, ಸಿಲಿಕಾನ್ ಕಾರ್ಬೈಡ್ 2500ರ ಸುತ್ತ. ಆದರೂ ಎಣ್ಣೆ ಇಲ್ಲದೆ ಸ್ಟೀಲ್ ಮೇಲೆ ಉಜ್ಜಿದರೆ ಘರ್ಷಣೆ ಗುಣಾಂಕ ಸಾಮಾನ್ಯವಾಗಿ 0.4ರಿಂದ 0.8. ತೆಳುವಾಗಿ ಎಣ್ಣೆ ಸವರಿದರೂ 0.1ರ ಆಸುಪಾಸಿಗೆ ಇಳಿಯುತ್ತದೆ. ಎಣ್ಣೆ ಇಲ್ಲದ ಜಾಗಕ್ಕೆ ಜಿರ್ಕೋನಿಯಾ (ಇನ್ನೊಂದು ಸೆರಾಮಿಕ್) ಕೊಡುತ್ತೇವೆ ಅಂತ ಯಾರಾದರೂ ಬಂದರೆ ಯೋಚಿಸಿ. ಅದು ಬಿಸಿಯನ್ನು ಸಾಗಹಾಕುವುದಿಲ್ಲ, ತಿಕ್ಕಿದ ಜಾಗದಲ್ಲೇ ಇಟ್ಟುಕೊಳ್ಳುತ್ತದೆ. ಬಿಸಿ ಜಾಸ್ತಿ ಆದರೆ ಆಟವೇ ಬೇರೆ: ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್‌ನ ಟೂಲ್ ಎರಕದ ಕಬ್ಬಿಣವನ್ನು ಚೆನ್ನಾಗಿ ಕಡೆಯುತ್ತದೆ, ಸ್ಟೀಲ್ ಕಡೆಯುವಾಗ ಅದೇ ಟೂಲ್ ಬಿಸಿ ಕಬ್ಬಿಣದೊಳಗೆ ಕರಗಿ ಬೇಗ ಹಾಳಾಗುತ್ತದೆ. ಗೈಡ್ ಪಿನ್‌ಗೆ ಅಷ್ಟು ಬಿಸಿ ಬರುವುದಿಲ್ಲ ಬಿಡಿ.

ಇನ್ನೊಬ್ಬರು:
ಜಾರಿಸುವುದೇ ಯಾಕೆ? ಬೇರಿಂಗ್ ಹಾಕಿ ಉರುಳಿಸಿ. ಮತ್ತೆ ಪಟ್ಟಿಯ ಬರ್ (ಕತ್ತರಿಸಿದಾಗ ಅಂಚಿನಲ್ಲಿ ಏಳುವ ಚೂಪು ಏಣು) ಯಾವ ಕಡೆ ಇದೆ? ಸ್ಲಿಟ್ ಮಾಡಿದ ಅಂಚಿನಲ್ಲಿ ಉಗುರು ಆಡಿಸಿದರೆ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು, ಹತ್ತು ದಿನದ ಮೇಲೆ:
ಎಲ್ಲರಿಗೂ ಥ್ಯಾಂಕ್ಸ್. ಬೇರಿಂಗ್‌ಗೆ ಜಾಗ ಇಲ್ಲ, ಪ್ರೆಸ್‌ನ ಡೈ ಅಡ್ಡ ಬರುತ್ತದೆ. ಅಯಸ್ಕಾಂತ ಹಿಡಿದೆ, ಪುಡಿ ಓಡಿತು. ಒಂದು ಪಿನ್ ಮಾತ್ರ ಲ್ಯಾಪ್ ಮಾಡಿಸಿದೆ, ಇನ್ನೊಂದನ್ನು ಬೇಕಂತಲೇ ಹಾಗೇ ಬಿಟ್ಟೆ. ಲ್ಯಾಪ್ ಮಾಡಿದ ಕಡೆ ಸದ್ದು ನಿಂತಿದೆ, ತೆಳು ಬೂದು ಗೆರೆ ಅಷ್ಟೇ. ಪಿನ್ ಹಿಂದೆ ಒಂದು ಚೂರು ಫೆಲ್ಟ್ ಇಟ್ಟು ಬೆಳಿಗ್ಗೆ ಎರಡು ಹನಿ ಎಣ್ಣೆ ಕುಡಿಸುತ್ತಿದ್ದೇನೆ. ವೆಲ್ಡರ್ ಇನ್ನೂ ಬೈದಿಲ್ಲ. ಬರ್ ಮಾತ್ರ ಲ್ಯಾಪ್ ಮಾಡದ ಪಿನ್ ಕಡೆಗೇ ಇದೆ. ಹಾಗಾಗಿ ಪೂರ್ತಿ ಕ್ರೆಡಿಟ್ ಲ್ಯಾಪಿಂಗ್‌ಗೆ ಕೊಡುವ ಹಾಗಿಲ್ಲ, ಅಲ್ವಾ? ಸೋಮವಾರ ಪಿನ್ ಅದಲುಬದಲು ಮಾಡಿ ನೋಡುತ್ತೇನೆ.